ಗಡಿಯಾರ ಕಂಬದ ಹತ್ರ ಸಿಕ್ಕ ದ್ರಾಕ್ಷಿ ಅಣ್ಣಂಗೆ ಥ್ಯಾಂಕ್ಸ್

ಪ್ರತಿ ವರ್ಷ ಮನೇಲಿ ಒಂದ್ ಭರಣಿ ವೈನ್ ಹಾಕ್ತೀವಿ, ಅದಕ್ಕೆ ಬೀಜ ಇರೋ ಬೆಂಗಳೂರು ಬ್ಲೂ ದ್ರಾಕ್ಷಿನೇ ಬೇಕು, ಆದ್ರೆ ದಾವಣಗೆರೆಲಿ ಕೇಳಿದ್ ಕಡೆ ಎಲ್ಲಾ ಸೀಡ್‌ಲೆಸ್ಸೇ ಮುಂದಿಡ್ತಾರೆ. ಮೊನ್ನೆ ಹೆಂಗೋ ಐದ್ ಕೆಜಿ ಸಿಕ್ತು, ಮನೆಗೆ ಬಂದ್ ಬಾಕ್ಸ್ ತೆಗೆದ್ರೆ ಕೆಳಗಿನ ಅರ್ಧ ಒಡೆದು ಹುಳಿ ವಾಸ್ನೆ. ಸಕ್ರೆ ತಂದಾಗಿದೆ, ಭರಣಿ ಒಣಗ್ಸಿ ಇಟ್ಟಾಗಿದೆ, ಅಮ್ಮ ಬೇರೆ ಗೊಣಗ್ತಾ ಇದ್ರು.

ಗಡಿಯಾರ ಕಂಬದ ಹತ್ರ ಒಬ್ಬ ಗಾಡಿ ಅಣ್ಣನ್ನ ಕೇಳ್ದೆ. ತಮ್ ಗಾಡೀಲಿದ್ದ ಹಣ್ಣನ್ನ ಅವ್ರೇ ಬ್ಯಾಡ ಅಂದ್ರು. "ಅಕ್ಕಾರೆ, ಇದು ತಿನ್ನಾಕೆ ಸರಿ, ನಿಮ್ ಕೆಲ್ಸಕ್ಕೆ ಬರಲ್ಲ, ನಾಳೆ ಬೆಳಿಗ್ಗೆ ಆರಕ್ಕೆ ಬರ್ರಿ, ಚಿಕ್ಕಬಳ್ಳಾಪುರದ ಮಾಲ್ ಬರ್ತೈತಿ."

ಹೋದ್ರೆ ಒಂದೊಂದೇ ಗೊಂಚಲು ಎತ್ತಿ ಮೆಲ್ಲಗೆ ಅಲ್ಲಾಡ್ಸಿ, ಉದುರಿದ್ದನ್ನ ಪಕ್ಕಕ್ಕೆ ತಳ್ಳಿ, ಹಣ್ಣಿನ್ ಮೇಲಿನ ಬಿಳಿ ಪುಡಿ ಅಳಿಸ್ದಂಗೆ ತೊಟ್ಟಷ್ಟೇ ಹಿಡ್ಕೊಂಡು ಪೇಪರ್ ಮೇಲೆ ಜೋಡಿಸ್ತಾ ಹೋದ್ರು (ಅದು ಮೇಣ, ವೈನ್ ಹುದುಗಿಸೋ ಯೀಸ್ಟ್ ಅದಕ್ಕೇ ಅಂಟ್ಕೊಂಡಿರುತ್ತೆ ಅಂತ ನಾನು ಓದಿ ತಿಳ್ಕೊಂಡಿದ್ದು, ಅವ್ರ ಕೈಗೇ ಗೊತ್ತಿತ್ತು). ತೂಕ ಆದ್ಮೇಲೆ ಉದುರಿದ್ದೂ ಒಂದ್ ಹಿಡಿ, ಮಗೀಗೆ ಅಂತ ಕವರ್‌ಗೆ ಹಾಕಿದ್ರು, ಅದಕ್ಕೆ ದುಡ್ಡು ಮುಟ್ಲಿಲ್ಲ.

ಹೆಸ್ರು ಕೇಳೋದೇ ಮರ್ತುಬಿಟ್ಟೆ ಅಣ್ಣ. ಭರಣಿ ನಿನ್ನೆಯಿಂದ ಗುಳುಗುಳು ಅಂತೈತಿ.