ಪೆಟ್ಟಿಗೆಯ ಮೇಲಿನ ಖಾನೆಯಲ್ಲಿಟ್ಟ ಪತ್ರ

ಗಂಜ್, ಕಲಬುರಗಿ
ಬುಧವಾರ ರಾತ್ರಿ

ಚಿ. ಸೌ. ಭಾಗ್ಯಾಳಿಗೆ ಅಪ್ಪನ ಆಶೀರ್ವಾದ.

ಇತ್ತ ಎಲ್ಲ ಕ್ಷೇಮ ಅಂತ ಬರೆಯಬೇಕು. ಕ್ಷೇಮವೇನೋ ಹೌದು, ಆದರೆ ನಿಮ್ಮವ್ವ ಭಾನುವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ತಟ್ಟಿ ತಾಟಿಗೆ ಹಾಕುತ್ತಾಳೆ, ಪಲ್ಯ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ಮಗಳ ಹೊಸ ಮನೆಗೆ ಹೋಗಿ ಊಟಕ್ಕೆ ಕೂರದೆ ಎದ್ದು ಬಂದವನಿಗೆ ಇಷ್ಟಾದರೂ ಸಿಗುತ್ತಿದೆಯಲ್ಲ ಅಂತ ನಾನೂ ಸುಮ್ನೆ ಉಣ್ಣುತ್ತಿದ್ದೇನೆ.

ಅವತ್ತು ನಾನೇನು ಅಂದೆ, ನೀನೇನು ಅಂದೆ, ಇಬ್ಬರಿಗೂ ಗೊತ್ತು. ಮತ್ತೆ ಬರೆದು ಗಾಯ ಹಸಿ ಮಾಡುವುದು ಬೇಡ. ಐಟಿಐ ಫಾರಂ ವಿಷಯವನ್ನೂ ಬರೆಯುವುದಿಲ್ಲ. ಅದು ನಿನ್ನ ಮನಸ್ಸಿನಲ್ಲಿ ಇಷ್ಟು ವರ್ಷ ಹಾಗೇ ಕೂತಿದೆ ಅಂತ ನನಗೆ ಭಾನುವಾರವೇ ತಿಳಿದದ್ದು.

ಗಂಜಿನಿಂದ ಸೇಡಂ ರೋಡಿಗೆ ಆಟೋ ಹತ್ತಿದರೆ ಎಷ್ಟು ಹೊತ್ತು? ಬಂದು ಎದುರಿಗೇ ಹೇಳಬಹುದಿತ್ತು. ಆದರೆ ನಿನ್ನ ಎದುರು ನಿಂತರೆ ನನ್ನ ದನಿ ಏರುತ್ತದೆ. ಮೂವತ್ತು ವರ್ಷ ದಾಲ್ ಮಿಲ್ಲಿನಲ್ಲಿ ಮಷೀನಿನ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿದ ಗಂಟಲು ಇದು. ಕಾಗದದ ಮೇಲೆ ಕೂಗಲಿಕ್ಕೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರಿನ ಶೆಡ್ಡಿನಲ್ಲಿ ನೀನು ಮಾಡಿದ ಕೆಲಸದ ಬೆಂಚು ನೋಡಿದೆ. ಹಳೇ ವಾಡೆಯ ಬಾಗಿಲ ಚೌಕಟ್ಟಿನ ಸಾಗುವಾನಿ, ಅಲ್ವಾ? ನೀನು ನೀರು ತರಲು ಒಳಗೆ ಹೋದಾಗ, ಕಾಲಿಗೆ ಅಡ್ಡಪಟ್ಟಿ ಕೂಡುವ ಜಾಗದಲ್ಲಿ ಉಗುರು ಹಾಕಿ ನೋಡಿದೆ. ಹೋಗಲಿಲ್ಲ. ನಾಲ್ಕೂ ಕಾಲು ನೋಡಿದೆ, ಎಲ್ಲೂ ಹೋಗಲಿಲ್ಲ. ನಮ್ಮ ಮಿಲ್ಲಿನ ಬಡಿಗೇರ ಮಾಡಿದ ಮೇಜಿನ ಸಂದಿಯಲ್ಲಿ ನಾನು ಎಂಟಾಣೆ ಬಚ್ಚಿಡುತ್ತಿದ್ದೆ! ಬ್ಯಾಂಕಿನಲ್ಲಿ ಹತ್ತು ವರ್ಷ ನೋಟು ಎಣಿಸಿದ ಕೈ ಇದನ್ನು ಎಲ್ಲಿ ಕಲಿಯಿತು? ಇದನ್ನು ಅಲ್ಲೇ ಹೇಳಬೇಕಿತ್ತು. ಹೇಳೋಣ ಅಂತ ತಿರುಗಿದೆ, ಅಷ್ಟರಲ್ಲಿ ಕಬ್ಬಿಣ ಕತ್ತರಿಸುವ ಆ ಗ್ರೈಂಡರ್ ಕಣ್ಣಿಗೆ ಬಿತ್ತು. ಬ್ಲೇಡಿಗೆ ಮರೆಯಾಗಿರುವ ಗಾರ್ಡನ್ನು ನೀನು ಬಿಚ್ಚಿ ಗೋಡೆಗೆ ಒರಗಿಸಿ ಇಟ್ಟಿದ್ದೆ.

ಅದನ್ನು ನೋಡಿದ ಮೇಲೆ ನನಗೆ ಬೆಂಚೂ ಕಾಣಲಿಲ್ಲ, ನೀನೂ ಕಾಣಲಿಲ್ಲ. ಕೆಂಪು ರಿಬ್ಬನ್ ಕಂಡಿತು.

ನೀನು ಆಗ ಮೂರನೇ ಇಯತ್ತೆ. 1998ರ ಜನವರಿ. ಹೊಸ ತೊಗರಿ ಬಂದು ಮಿಲ್ಲಿನ ಅಂಗಳದ ತುಂಬಾ ಹರಡಿತ್ತು. ಎಣ್ಣೆ ಸವರಿ ಒಣಗಲು ಹಾಕಿದ ತೊಗರಿಯ ಮೇಲೆ ನೀನು ಬರಿಗಾಲಲ್ಲಿ ನಡೆದು ಬರುತ್ತಿದ್ದೆ, ಹೆಂಗಸರು ಬೈಯುತ್ತಿದ್ದರು. ಕೈಯಲ್ಲಿ ನನ್ನ ಬುತ್ತಿ. ಎರಡು ಜಡೆ, ಮಡಚಿ ಕಟ್ಟಿದ ಕೆಂಪು ರಿಬ್ಬನ್. ಉಳಿದದ್ದು ನಿನಗೇ ಗೊತ್ತು. ಕಪಾಳಕ್ಕೆ ಬಿದ್ದ ಏಟಂತೂ ನೆನಪಿದ್ದೇ ಇರುತ್ತದೆ.

ಇರಲಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ ಮಾತು. ಉಪದೇಶ ಮಾಡುವುದಿಲ್ಲ, ನಾಲ್ಕೇ ಮಾತು.

ನೀನು ಗಾರ್ಡ್ ಯಾಕೆ ಬಿಚ್ಚಿದೆ ಅಂತ ನನಗೆ ಗೊತ್ತು. ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿದ್ದೆ, ಗಾರ್ಡ್ ಅಡ್ಡ ಬರುತ್ತಿತ್ತು. ಆ ನಾಲ್ಕಿಂಚಿನ ಮಷೀನು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದು ಕಬ್ಬಿಣ ಕತ್ತರಿಸಲಿಕ್ಕೆ, ಉಜ್ಜಲಿಕ್ಕೆ ಮಾಡಿದ್ದು. ಹಲ್ಲು ಮರದಲ್ಲಿ ಸಿಕ್ಕಿಕೊಂಡರೆ ಮರ ನಿಲ್ಲುತ್ತದೆ, ಮಷೀನು ನಿನ್ನ ಕಡೆಗೆ ಹಾರುತ್ತದೆ. ಅದರಲ್ಲೂ ನೀನು ತರುವುದು ನೂರು ವರ್ಷದ ಬಾಗಿಲು. ಒಳಗೆ ಎಷ್ಟು ಮೊಳೆ ಮುರಿದು ಕೂತಿವೆಯೋ. ಹಳೇ ಸ್ಪೀಕರಿನ ಆಯಸ್ಕಾಂತ ಒಂದನ್ನು ದಾರಕ್ಕೆ ಕಟ್ಟಿ ಪೆಟ್ಟಿಗೆಯಲ್ಲಿ ಹಾಕಿದ್ದೇನೆ. ಕೊಯ್ಯುವ ಮೊದಲು ಹಲಗೆಯ ಮೇಲೆ ಆಡಿಸು. ಎಲ್ಲಿ ದಾರ ವಾಲುತ್ತದೋ ಅಲ್ಲಿ ಮೊಳೆ. ಮರಕ್ಕೆ ಅಂತಲೇ ಬರುವ ಸರ್ಕ್ಯುಲರ್ ಸಾ ತಗೋ. ದುಡ್ಡು ಕಡಿಮೆ ಬಿದ್ದರೆ ನಿಮ್ಮವ್ವನಿಗೆ ಹೇಳು, ನನ್ನ ಹತ್ತಿರ ಕೇಳಲಿಕ್ಕೆ ನಿನಗೆ ಆಗುವುದಿಲ್ಲ ಅಂತ ಗೊತ್ತು.

ಕಬ್ಬಿಣ ಕತ್ತರಿಸುವ ತೆಳು ಡಿಸ್ಕ್ ತರುವಾಗ ನಡುವಿನ ಲೋಹದ ಬಳೆ ನೋಡು. ಅದರ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಔಷಧಿಗೆ ಇದ್ದ ಹಾಗೆ ಅದಕ್ಕೂ ಗಡುವು ಉಂಟು. ಕೆಳಗೆ ಬಿದ್ದ ಡಿಸ್ಕ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು, ಮುರಿದು ಬಿಸಾಡು. ಜಿಪುಣತನ ಬೇಡ.

ಇನ್ನು ಕರೆಂಟು. ಅಡುಗೆಮನೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ಎಳೆದಿದ್ದೀಯ, ಅದರಲ್ಲೂ ವೈರು ಸುರುಳಿ ಸುತ್ತಿದ ಹಾಗೇ ಇದೆ. ಸುತ್ತಿದ ವೈರಿನಲ್ಲಿ ಜಾಸ್ತಿ ಲೋಡ್ ಹರಿದರೆ ಒಳಗೊಳಗೇ ಬೇಯುತ್ತದೆ. ಮೀಟರ್ ಬೋರ್ಡಿನಿಂದ ಶೆಡ್ಡಿಗೇ ಬೇರೆ ಲೈನು ಎಳೆಸು, 4 ಸ್ಕ್ವೇರ್ ಎಂಎಂ ತಾಮ್ರದ ವೈರು. ಮುಂದೆ ವೆಲ್ಡಿಂಗ್ ಮಷೀನು ತಂದೇ ತರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸು, ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು ಅದು. ಅರ್ಥಿಂಗ್ ಗುಂಡಿಯನ್ನು ಅಳಿಯಂದಿರು ತೋರಿಸಿದರು. ನಮ್ಮದು ಎರೆ ಭೂಮಿ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಏಪ್ರಿಲ್, ಮೇನಲ್ಲಿ ಆ ಗುಂಡಿಗೆ ನೀರು ಹಾಕುವುದು ಮರೆಯಬೇಡ.

ಟ್ಯೂಬ್‌ಲೈಟ್ ಒಂದೇ ಇದೆ, ಅದೂ ಹಳೇ ಚೋಕಿನದು. ಅದು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ನಮ್ಮ ಕಣ್ಣಿಗೆ ಕಾಣಲ್ಲ. ಆದರೆ ಅದೇ ಲೆಕ್ಕಕ್ಕೆ ತಿರುಗುವ ಗಾಲಿ ಆ ಬೆಳಕಿನಲ್ಲಿ ನಿಂತ ಹಾಗೇ ಕಾಣುತ್ತದೆ. ನಿಂತಿದೆ ಅಂತ ಕೈ ಹಾಕಿದವರನ್ನು ನೋಡಿದ್ದೇನೆ. ಅದನ್ನು ತೆಗೆದು ಒಳ್ಳೇ ಎಲ್‌ಇಡಿ ಎರಡು ಹಾಕು, ಒಂದು ಬೆಂಚಿನ ಎಡಕ್ಕೆ, ಒಂದು ಬಲಕ್ಕೆ.

ಡ್ರಿಲ್ ಹಿಡಿದಾಗ ನೂಲಿನ ಕೈಗವಸು ಬೇಡ. ಬಳೆ ಬೇಡ. ಓಢಣಿ ಬೇಡವೇ ಬೇಡ. ನಿನ್ನ ಅತ್ತೆಯವರು ಏನಾದರೂ ಅಂದರೆ ನಾನು ಮಾತಾಡುತ್ತೇನೆ. ಹೊಗಳುವುದು ಬಿಟ್ಟು ಮತ್ತೆ ಹೇಳಲು ಕೂತೆ ನೋಡು. ನಾಲ್ಕು ಅಂದದ್ದು ಎಷ್ಟಾಯಿತೋ. ಇನ್ನೊಂದನ್ನು ಮಾತ್ರ ಹೇಳದೆ ಬಿಡಲಾರೆ.

ಮರಕ್ಕೆ ಅಗಸೆ ಎಣ್ಣೆ ಹಚ್ಚುತ್ತೀಯ. ಒರೆಸಿದ ಬಟ್ಟೆ ಮೂಲೆಯಲ್ಲಿ ಮುದ್ದೆಯಾಗಿ ಬಿದ್ದಿತ್ತು. ಅಗಸೆ ಹಿಂಡಿ ತಿಂದು ಬೆಳೆದವಳು ನೀನು, ಆ ಎಣ್ಣೆಯ ಗುಣ ಗೊತ್ತಿರಬೇಕಿತ್ತು. ಗಾಳಿಗೆ ಒಣಗುವಾಗ ಅದು ತಾನೇ ಬಿಸಿಯಾಗುತ್ತದೆ. ಹರಡಿದ್ದರೆ ಬಿಸಿ ಹಾರಿ ಹೋಗುತ್ತದೆ. ಮುದ್ದೆಯೊಳಗೆ ಅದಕ್ಕೆ ದಾರಿ ಇಲ್ಲ. ಕಡ್ಡಿ ಗೀರದೆ ಹೊತ್ತಿಕೊಳ್ಳುತ್ತದೆ. ನಲವತ್ತೆರಡು ಡಿಗ್ರಿ ಬಿಸಿಲು, ಮೇಲೆ ತಗಡು, ಸುತ್ತ ಮರದ ಹೊಟ್ಟು. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಬಿಡಿಸಿ ಹಾಕು, ಇಲ್ಲವೇ ನೀರಿನ ಬಕೆಟಿನಲ್ಲಿ ಮುಳುಗಿಸು.

ನೆಲದ ಬಗ್ಗೆ ಚಿಂತೆ ಇಲ್ಲ. ಶಹಾಬಾದ್ ಕಲ್ಲು ಬಿಸಿಲಿಗೆ ತಂಪು. ಆದರೆ ಅದು ಸುಣ್ಣದ ಕಲ್ಲು, ಬ್ಯಾಟರಿ ಆಸಿಡ್ ಚೆಲ್ಲಿದರೆ ಬುರುಬುರು ನೊರೆ ಬಂದು ಕಲೆ ಉಳಿಯುತ್ತದೆ. ಕಾರು ಬಿಸಿಲಿಗೆ ಹೋಗಿದ್ದಕ್ಕೆ ಅಳಿಯಂದಿರು ಬೇಜಾರು ಮಾಡಿಕೊಂಡಿಲ್ಲ ತಾನೇ? ಒಳ್ಳೇ ಮನುಷ್ಯ.

ಈಗ ಆ ಮಾತು.

ಆವತ್ತು ಮಿಲ್ಲಿನಲ್ಲಿ ಬೆಲ್ಟ್ ಜಾರುತ್ತಿತ್ತು. ನಿನಗೆ ನೆನಪಿರಬಹುದು, ಒಂದೇ ಮೋಟರು, ಮೇಲೆ ಉದ್ದ ಶಾಫ್ಟು, ಅದರಿಂದ ಒಂದೊಂದು ಮಷೀನಿಗೆ ಒಂದೊಂದು ಚಪ್ಪಟೆ ಬೆಲ್ಟ್. ಆ ಬೆಲ್ಟಿನ ಮುಂದೆ ತಂತಿ ಜಾಲರಿ ಇರುತ್ತಿತ್ತು. ಬೆಳಿಗ್ಗೆ ನಾನು ಜಾಲರಿ ಬಿಚ್ಚಿದೆ, ಬೆಲ್ಟಿಗೆ ರಾಳ ಹಚ್ಚಿದೆ. ಹಿಡಿತ ಬಂತು. ಜಾಲರಿ ಮತ್ತೆ ಕೂರಿಸಲು ನಾಲ್ಕು ಬೋಲ್ಟು, ಹತ್ತು ನಿಮಿಷ. ಹನ್ನೆರಡಕ್ಕೆ ಕರೆಂಟು ಹೋಗುವುದಿತ್ತು, ಅಷ್ಟರಲ್ಲಿ ಇನ್ನೂ ಎಷ್ಟೋ ಚೀಲ ಆಗಬೇಕಿತ್ತು. ಜಾಲರಿಯನ್ನು ಗೋಡೆಗೆ ಒರಗಿಸಿ ಇಟ್ಟು ಮಷೀನು ಶುರು ಮಾಡಿಸಿದೆ. ಯಾರೂ ಹೇಳಿರಲಿಲ್ಲ. ನಾನೇ ಮಾಡಿದ್ದು.

ನೀನು ಬಂದೆ. ಬುತ್ತಿ ಚಾಚಿದೆ. ನಾನು ತಗೊಳ್ಳಲು ಬಗ್ಗಿದೆ. ಎಡಗಡೆಯ ರಿಬ್ಬನ್ನಿನ ತುದಿ ಗಾಳಿಗೆ ಎದ್ದಿತು. ಅಷ್ಟೇ ಕಂಡದ್ದು. ಸರ್ ಅಂತ ಸದ್ದು, ಜಡೆ ಬಿಚ್ಚಿ ಭುಜದ ಮೇಲೆ ಬಿತ್ತು, ನೀನು ನಿಂತೇ ಇದ್ದೆ. ಮೋಟರು ಬಂದ್ ಮಾಡಿದರೂ ಶಾಫ್ಟು ತಕ್ಷಣ ನಿಲ್ಲುವುದಿಲ್ಲ. ಒಂದೊಂದು ಸುತ್ತಿಗೂ ಪುಲ್ಲಿಯ ಮೇಲೆ ಕೆಂಪಗೆ ಬಂದು ಹೋಗುತ್ತಿತ್ತು. ಬಂದು ಹೋಗುತ್ತಿತ್ತು. ಆಮೇಲೆ ನಿಧಾನ. ಆಮೇಲೆ ಪೂರ್ತಿ ಕಂಡಿತು, ಒಂದು ಮೊಳ ಉದ್ದ.

ನಿಮ್ಮವ್ವ ದಿನಾ ಜಡೆಗೆ ಬಿಗಿಯಾಗಿ ಗಂಟು ಹಾಕುತ್ತಿದ್ದಳು, ಶಾಲೆಯಲ್ಲಿ ಬಿಚ್ಚಬಾರದು ಅಂತ. ಆವತ್ತು ಗಡಿಬಿಡಿಯಲ್ಲಿ ಬರೀ ಹೂ ಕಟ್ಟಿದ್ದಳು, ಎಳೆದರೆ ಬಿಚ್ಚುವಂಥದ್ದು. ಗಂಟು ಹಾಕಿದ್ದರೆ? ಈ ಮಾತನ್ನು ನಾನು ಎಷ್ಟು ರಾತ್ರಿ ಎಣಿಸಿದ್ದೇನೋ ಲೆಕ್ಕವಿಲ್ಲ. ಗಂಟು ಹಾಕಿದ್ದರೆ, ಗಂಟು ಹಾಕಿದ್ದರೆ ಅಂತ. ಅದೂ ಸಾಲದು ಅಂತ ಮನೆಗೆ ಬಂದು ಅವಳನ್ನೇ ಬೈದೆ. ರಿಬ್ಬನ್ ಕಟ್ಟಲಿಕ್ಕೂ ಬರಲ್ವಾ ಅಂದೆ. ಅವಳು ಇವತ್ತಿಗೂ ತಪ್ಪು ತನ್ನದೇ ಅಂದುಕೊಂಡಿದ್ದಾಳೆ. ನೀನು ಮಷೀನಿನ ಹತ್ತಿರ ಹೋಗಿದ್ದಕ್ಕೆ ಅಪ್ಪ ಹೊಡೆದ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನಾನು ಹೂಂ ಅಂದೆ.

ಹೊಡೆಸಿಕೊಳ್ಳಬೇಕಾಗಿದ್ದವನು ನಾನು.

ಆಮೇಲೆ ನಿನ್ನನ್ನು ಮಿಲ್ಲಿಗೆ ಬಿಡಲಿಲ್ಲ. ಪಾನಾ ಮುಟ್ಟಿದರೆ ಕಿತ್ತುಕೊಂಡೆ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಅಂದೆ. ಅದು ಹೇಳಲಿಕ್ಕೆ ಸುಲಭ, ಎಲ್ಲರೂ ಒಪ್ಪುತ್ತಾರೆ. ನಿಜ ಸಂಗತಿ ಹೇಳುವುದು ಕಷ್ಟವಿತ್ತು. ಫಾರಂ ವಿಷಯ ಬರೆಯುವುದಿಲ್ಲ ಅಂದಿದ್ದೆ, ಬಂದೇ ಬಿಟ್ಟಿತು. ತಪ್ಪಾಯಿತು ಭಾಗ್ಯಾ.

ಇದನ್ನು ನಿಮ್ಮವ್ವನಿಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ. ಮೊದಲು ಮಾತು ಶುರುವಾಗಲಿ.

ಪೆಟ್ಟಿಗೆಯಲ್ಲಿ ನನ್ನ ಪಾನಾ ಸೆಟ್ಟು, ಮೂರು ಅರ, ಮೂಲೆಮಟ್ಟ, ಎರಡು ಪೇಚ್‌ಕಸ್ ಇವೆ. 14-15ರ ಪಾನಾ ಇಲ್ಲ, ಯಾರೋ ತಗೊಂಡು ಹೋದವರು ತಂದುಕೊಡಲಿಲ್ಲ. ಗೋಣಿಚೀಲದಲ್ಲಿ ಸುತ್ತಿದ್ದು ಆರಿಂಚಿನ ವೈಸ್, ಕೆಲಸದ ತುಂಡನ್ನು ಬಿಗಿಯಾಗಿ ಹಿಡಿಯುವುದು. ರಿಟೈರ್ ಆಗುವಾಗ ಏನು ಬೇಕು ಅಂತ ಸಾವಕಾರರು ಕೇಳಿದ್ದಕ್ಕೆ ನಾನು ಕೇಳಿದ್ದು ಇದೊಂದೇ. ಇಷ್ಟು ದಿನ ಮಂಚದ ಕೆಳಗಿತ್ತು. ಎತ್ತುವಾಗ ಇಬ್ಬರು ಹಿಡಿಯಿರಿ.

ವೈಸಿನ ಬಾಯಿ ನಿಂತವರ ಮೊಣಕೈ ಮಟ್ಟಕ್ಕೆ ಬರಬೇಕು. ನೀನು ಸಿಟ್ಟಿನಲ್ಲಿ ಸೊಂಟಕ್ಕೆ ಕೈ ಇಟ್ಟು ನಿಂತಾಗ ನೋಡಿಕೊಂಡೆ, ನಿನ್ನ ಮೊಣಕೈ ನನ್ನದಕ್ಕಿಂತ ಎರಡು ಬೆರಳು ಮೇಲೆ. ಬೆಂಚಿನ ಮೇಲೆ ಎರಡು ಬೆರಳು ದಪ್ಪದ ಹಲಗೆ ಇಟ್ಟು ಅದರ ಮೇಲೆ ಕೂರಿಸಬೇಕು, ಕಾಲಿನ ನೇರಕ್ಕೆ, ಅಂಚಿಗಿಂತ ಒಂದು ಕೂದಲು ಮುಂದೆ. ಬೋಲ್ಟು ನಾಲ್ಕೂ ನನ್ನ ಹತ್ತಿರ ಇವೆ, ಬರುವಾಗ ತರುತ್ತೇನೆ. ತೂತು ಹಾಕಲು 12 ಎಂಎಂ ಬಿಟ್ ನಿನ್ನ ಹತ್ತಿರ ಇದೆಯೋ ಇಲ್ಲವೋ ನಿಮ್ಮವ್ವನ ಕೈಲಿ ಹೇಳಿ ಕಳಿಸು. ಇಲ್ಲ ಅಂದರೆ ಶನಿವಾರ ಸೂಪರ್ ಮಾರ್ಕೆಟ್ ಕಡೆಯಿಂದ ತಗೊಂಡೇ ಬರುತ್ತೇನೆ.

ನಿನ್ನ
ಅಪ್ಪ