ಹಿಮ್ಮೇಳದಲ್ಲಿ ಕೂತವನ ಕಾಗದ

ಪೆರ್ಲ
ಪತ್ತನಾಜೆ ಕಳೆದು ಮೂರನೇ ದಿನ

ಚಿರಂಜೀವಿ ಮಾಣಿಗೆ ಮಾವನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಉದ್ದದ ದೂರನ್ನು ಎರಡು ಸಲ ಓದಿದೆ. ಮೊಬೈಲಿನಲ್ಲಿ ಉತ್ತರ ಕುಟ್ಟುವಷ್ಟು ನನ್ನ ಹೆಬ್ಬೆರಳು ಪಳಗಿಲ್ಲ, ಕಾಗದವೇ ಸೈ. ಯಕ್ಷಗಾನ ಮೇಳಗಳು ಪತ್ತನಾಜೆಗೆ ಈ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿವೆ, ಅಂಗಳದ ಅಡಿಕೆ ಒಳಗೆ ಬಂದಿದೆ, ನನಗೂ ಪುರುಸೊತ್ತು.

ನಿನ್ನ ಸಂಕಟ ಎರಡು. ಸಿನಿಮಾಕ್ಕೆಂದು ನಾಲ್ಕು ರಾತ್ರಿ ಕೂತು ಮಾಡಿದ ಹಿನ್ನೆಲೆ ಸಂಗೀತವನ್ನು ನಿರ್ದೇಶಕರು "ಇಲ್ಲಿ ಏನೂ ಬೇಡ" ಎಂದು ತೆಗೆಸಿದರು. ಟೈಟಲ್ ಕಾರ್ಡಿನಲ್ಲಿ ನಿನ್ನ ಹೆಸರು ಸಹಾಯಕರ ಸಾಲಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಓಡಿಹೋಯಿತು. ಮೊದಲನೆಯದರಲ್ಲಿ ನಾನು ನಿನ್ನ ಪಕ್ಷ ಅಲ್ಲ.

ಮೇಳದಲ್ಲಿ ಮದ್ದಳೆಗಾರನಾಗಿ ಆಗ ನನ್ನದು ಎರಡನೇ ವರ್ಷದ ತಿರುಗಾಟ. ಕರ್ಣನ ಬಳಿಗೆ ಕುಂತಿ ಬರುವ ಸಂದರ್ಭ. ಕರ್ಣನ ವೇಷದವರು "ಅಮ್ಮಾ" ಎಂದು ಕರೆದು ನಿಂತುಬಿಟ್ಟರು. ಮಾತು ಮರೆತರೋ ಏನೋ ಎಂದು ನನಗೆ ಗಾಬರಿ. ಆಸರೆಗಿರಲಿ ಎಂದು ಮದ್ದಳೆಯ ಮೇಲೆ ನಾಲ್ಕು ಬೆರಳು ಆಡಿಸಿದೆ. ಪದ ಹಾಡುವ ಭಾಗವತರು ನನ್ನತ್ತ ತಿರುಗಲೂ ಇಲ್ಲ. ಜಾಗಟೆಯ ಕೋಲನ್ನು ನನ್ನ ಮಣಿಗಂಟಿನ ಮೇಲೆ ಇಟ್ಟರು. ಹೊಡೆಯಲಿಲ್ಲ, ಇಟ್ಟರು ಅಷ್ಟೆ. ಆಮೇಲೆ ಬಯಲಿನಲ್ಲಿ ಗ್ಯಾಸ್‌ಲೈಟಿನ ಸುಯ್ ಸದ್ದು ಬಿಟ್ಟರೆ ಏನೂ ಇಲ್ಲ. ಎದುರಿನ ಚಾಪೆಯಲ್ಲಿ ಯಾರೋ ಅಜ್ಜಿ ಮೂಗು ಒರೆಸಿಕೊಂಡದ್ದು ನನಗೆ ಕೇಳಿಸಿತು. ಬೆಳಗ್ಗೆ ಚೌಕಿಯಲ್ಲಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ ಕರ್ಣ ಹೇಳಿದರು: "ನಾನು ಇಡೀ ರಾತ್ರಿ ಬೆವರಿಳಿಸಿ ತಂದ ಮೌನವನ್ನು ನಾಲ್ಕು ಪೆಟ್ಟಿಗೆ ಮಾರಿಬಿಟ್ಟೆಯಲ್ಲ ಮಾರಾಯ!"

ನಿಮ್ಮ ಕೊಚ್ಚಿಯಲ್ಲಿ ರೀ-ರೆಕಾರ್ಡಿಂಗ್ ಅನ್ನುವುದು, ಚಿತ್ರಕ್ಕೆ ಹಿನ್ನೆಲೆ ಸಂಗೀತ ಕೂಡಿಸುವ ಕೆಲಸ, ನಮ್ಮ ಹಿಮ್ಮೇಳವೇ. ಹಿಂದೆ ಕೂತಿರುತ್ತೇವೆ, ಕಣ್ಣು ಮಾತ್ರ ಮುಂದೆ. ಅರ್ಥ ಹೇಳುವವನ, ಅಂದರೆ ವೇಷ ಕಟ್ಟಿ ಮಾತಾಡುವವನ, ಉಸಿರು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದವನು ಎಷ್ಟು ಬೆರಳು ಸಾಧನೆ ಮಾಡಿದರೂ ಮದ್ದಳೆಗಾರ ಆಗುವುದಿಲ್ಲ. ಈ ವಿಷಯದಲ್ಲಿ ನೀನು ಪುಣ್ಯವಂತ. ಮನೆಯಲ್ಲಿ ಕನ್ನಡ, ತೋಟದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ಮಾತಿನ ಏರಿಳಿತವನ್ನು ಮೂರು ಕಡೆಯಿಂದ ಕೇಳಿಸಿಕೊಂಡ ಕಿವಿ ನಿನ್ನದು. ಪುಟ್ಟಣ್ಣನವರ 'ಬೆಳ್ಳಿಮೋಡ'ಕ್ಕೆ 1967ರಲ್ಲಿ ಸಂಗೀತ ಕೊಟ್ಟ ವಿಜಯಭಾಸ್ಕರರೇ ಮುಂದೆ ಮಲಯಾಳದ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಅವರ 'ವಿಧೇಯನ್'ಗೂ ಹಿನ್ನೆಲೆ ಸಂಗೀತ ಮಾಡಿದರು. ದಕ್ಷಿಣ ಕನ್ನಡದ ನೆಲದಲ್ಲಿ ನಡೆಯುವ ಮಲಯಾಳ ಚಿತ್ರ. ಸಿಕ್ಕಿದರೆ ಒಮ್ಮೆ ನೋಡು, ಸಂಗೀತ ಇರುವ ಜಾಗವನ್ನಲ್ಲ, ಇಲ್ಲದ ಜಾಗವನ್ನು ಗುರುತು ಹಾಕಿಕೋ.

ಕಳೆದ ಚೌತಿಗೆ ಬಂದಾಗ ನೀನು ತೋರಿಸಿದ ಲೆಕ್ಕ ನನಗೆ ಬಹಳ ಹಿಡಿಸಿತು. ಸೆಕೆಂಡಿಗೆ 24 ಫ್ರೇಮು. ನಿಮಿಷಕ್ಕೆ 120ರ ನಡೆಯಾದರೆ ಒಂದು ಪೆಟ್ಟಿಗೆ 12. ಆದಿತಾಳದ ಎಂಟು ಅಕ್ಷರಕ್ಕೆ 96 ಫ್ರೇಮು, ಸರಿಯಾಗಿ ನಾಲ್ಕು ಸೆಕೆಂಡು. ರಾತ್ರಿ ಮಲಗಿದ ಮೇಲೂ ಎಣಿಸುತ್ತಿದ್ದೆ, ಅತ್ತೆ ಗದರಿದಳು. ಅಂದಮೇಲೆ ಸಂಕಲನದವರು ಹತ್ತು ಫ್ರೇಮು ಕತ್ತರಿಸಿದರೆ ನಿನ್ನ ತಾಳದ ಮುಕ್ತಾಯ ದೃಶ್ಯದಲ್ಲಿ ಬಾಗಿಲು ಹಾಕುವಲ್ಲಿ ಬೀಳದೆ ಬರೀ ಗೋಡೆಯ ಮೇಲೆ ಬಿದ್ದಂತೆ. "ಎಡಿಟ್ ಲಾಕ್ ಆಯಿತು", ಇನ್ನು ಕತ್ತರಿಸುವುದಿಲ್ಲ, ಎಂದು ಫೋನಿನಲ್ಲಿ ಹೇಳಿದ್ದನ್ನು ನಂಬಿ ನಾಲ್ಕು ರಾತ್ರಿ ನಿದ್ದೆಗೆಡಬೇಡ, ಮೇಲ್ ತರಿಸಿಕೋ.

ಹೆಸರಿನ ಸಂಗತಿ ಬೇರೆ. ಇಳಯರಾಜ ನಮ್ಮ ಜಿ.ಕೆ. ವೆಂಕಟೇಶರ ಬಳಿ ಗಿಟಾರು ನುಡಿಸುತ್ತಾ ಸಹಾಯಕರಾಗಿ ದುಡಿದವರು. 1976ರಲ್ಲಿ ಮೊದಲ ಚಿತ್ರ ಬಂದಾಗ ವಯಸ್ಸು ಮೂವತ್ತು ದಾಟಿತ್ತು. ಹಿನ್ನೆಲೆ ಸಂಗೀತಕ್ಕೆಂದೇ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು 2009ರ ಸಾಲಿನಲ್ಲಿ, ಪಯಶ್ಶಿ ರಾಜನ ಮಲಯಾಳ ಚಿತ್ರಕ್ಕೆ. ನಿನಗೆ ಇಪ್ಪತ್ತಾರು. ಕಾಯಬಹುದು. ಆದರೆ ಕಾಯುವುದು ಎಂದರೆ ಕಣ್ಣು ಮುಚ್ಚಿ ರುಜು ಹಾಕುವುದಲ್ಲ.

ಮೇಳ ಬಿಟ್ಟ ಮೇಲೆ ರಿಜಿಸ್ಟ್ರಾರ್ ಕಚೇರಿಯ ಎದುರು ಇಪ್ಪತ್ತೆಂಟು ವರ್ಷ ಆಧಾರ, ಅಂದರೆ ಜಾಗದ ಪತ್ರ, ಬರೆದವನು ನಾನು. ಬಾಯಿಮಾತಿನ ಜಾಗದಲ್ಲಿ ಬೇಲಿ ನಿಲ್ಲುವುದಿಲ್ಲ. ನೀನು ಕಳಿಸಿದ ಕರಾರನ್ನು ಭೂತಕನ್ನಡಿ ಹಿಡಿದು ಓದಿದೆ. ಎಲ್ಲ ಹಕ್ಕು, ಎಲ್ಲ ಕಾಲಕ್ಕೂ ಎಂದಿದೆ. ಕಾಪಿರೈಟ್ ಕಾನೂನಿನ 2012ರ ತಿದ್ದುಪಡಿ ನೋಡು: ಟಾಕೀಸಿನಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗೆ ಬರುವ ರಾಯಲ್ಟಿಯಲ್ಲಿ ಸಂಗೀತ ಕಟ್ಟಿದವನಿಗೆ ಸಮಪಾಲು. ಆ ಹಕ್ಕನ್ನು ಅವನ ವಾರಸುದಾರರಿಗೋ ವಸೂಲಿ ಮಾಡುವ ಸೊಸೈಟಿಗೋ ಹೊರತು ಬೇರೆಯವರಿಗೆ ಬರೆದುಕೊಡುವಂತಿಲ್ಲ. ಆ ತಿದ್ದುಪಡಿಗೂ ಮೊದಲಿನಿಂದ ಕಾನೂನಿನಲ್ಲಿರುವ ಇನ್ನೊಂದು ಮಾತು: ಅವಧಿ ಕಾಣಿಸದ ಕರಾರಿಗೆ ಐದೇ ವರ್ಷ. ಅದಕ್ಕೇ ಅವರು 'ಎಲ್ಲ ಕಾಲಕ್ಕೂ' ಎಂದು ನೆನಪಿಟ್ಟು ಸೇರಿಸುವುದು. ಈಗ ನೀನು ಕಟ್ಟಿದ ತುಣುಕಿಗೆ ಕ್ಯೂ ಶೀಟಿನಲ್ಲಿ, ಯಾವ ತುಣುಕು ಯಾರದ್ದೆಂದು ಬರೆದಿಡುವ ಪಟ್ಟಿಯಲ್ಲಿ, ಯಾರ ಹೆಸರು ಬೀಳುತ್ತದೆ ಎಂದು ನೀನು ಸಹಾಯಕನಾಗಿರುವ ನಿನ್ನ ಸರ್ ಹತ್ತಿರ ನೇರ ಕೇಳು. ಜಗಳಕ್ಕೆ ಹೋಗಬೇಡ, ಚಹಾ ಕುಡಿಯುವಾಗ ಕೇಳು. ಉತ್ತರ ಏನೇ ಬರಲಿ, ರಾಯಲ್ಟಿ ವಸೂಲಿ ಮಾಡುವ ಸೊಸೈಟಿಯಾದ ಐಪಿಆರ್‌ಎಸ್ ಸದಸ್ಯತ್ವದ ವಿಚಾರ ವಿಚಾರಿಸಿಡು. ಹಳೆಯ ಫೈಲುಗಳನ್ನು ತಾರೀಕು ಸಮೇತ ಎತ್ತಿಡು.

ಹಣದ ಮಾತು ಚುಟುಕಾಗಿ ಹೇಳುತ್ತೇನೆ. ದೀಪಾವಳಿಯಿಂದ ಪತ್ತನಾಜೆವರೆಗೆ ದುಡಿದದ್ದರಲ್ಲಿ ಮಳೆಗಾಲ ಕಳೆಯಬೇಕು, ಮೇಳದವರ ಬಾಳು ಅದೇ. ನಿಮ್ಮಲ್ಲಿ ಮಳೆಗಾಲ ಯಾವ ತಿಂಗಳಲ್ಲಿ ಬರುತ್ತದೆಂದು ಗೊತ್ತಿಲ್ಲದ್ದು ಇನ್ನೂ ಕಷ್ಟ. ಹೊಸ ಸ್ಪೀಕರಿಗೆ ಸಾಲ ಮಾಡುವ ಯೋಚನೆಯನ್ನು ಸದ್ಯ ಬಿಡು. ಇರುವ ಸ್ಪೀಕರಿನ ಸದ್ದೂ ತಗ್ಗಿಸು. ಚೆಂಡೆಯ ನೆರೆಯಲ್ಲಿ ಹನ್ನೊಂದು ತಿರುಗಾಟ ಕೂತು ನನಗೆ ಒಂದು ಕಿವಿ ಅರ್ಧ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯೇ ಮಿತಿ ಎಂದು ಡಾಕ್ಟರು ಹೇಳುವಾಗ ನನ್ನ ಕಾಲ ಮಿಂಚಿತ್ತು.

ಇನ್ನು ನೀನು ಕಳಿಸಿದ ಆ ಮೂರು ನಿಮಿಷದ ದೃಶ್ಯ. ಮುದುಕಿ ಹಟ್ಟಿಯ ಬಾಗಿಲು ಹಾಕಿ ಅಗುಳಿ ಎಳೆಯುತ್ತಾಳೆ. ನಿನ್ನ ಪಿಟೀಲು ಅವಳು ಬಾಗಿಲಿಗೆ ಕೈ ಹಾಕುವ ಮೊದಲೇ ಅಳತೊಡಗುತ್ತದೆ. ಮರದ ಅಗುಳಿಯ ಆ 'ಠಕ್' ಇದೆಯಲ್ಲ, ಅದು ಎಲ್ಲೂ ಕೇಳಲಿಲ್ಲ. ಅದು ಬೀಳಲಿ, ಒಳಗೆ ದನ ಒಮ್ಮೆ ಉಸಿರು ಬಿಡಲಿ, ಆಮೇಲೆ ಬೇಕೆನಿಸಿದರೆ ಪಿಟೀಲು ಎತ್ತಿಕೋ. ಹಾಗೆ ಮಾಡಿ ಇನ್ನೊಮ್ಮೆ ಕಳಿಸು, ಸರಿಯಿರುವ ಕಿವಿಯಲ್ಲಿ ಕೇಳುತ್ತೇನೆ.

ಅಮ್ಮನಿಗೆ ಫೋನು ಮಾಡದೆ ಹತ್ತು ದಿನ ಆಯಿತಂತೆ. ಅತ್ತೆ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಕಾಸರಗೋಡಿನಿಂದ ರೈಲು ಹತ್ತುವವರು ಯಾರಾದರೂ ಸಿಕ್ಕಿದರೆ ಕೊಟ್ಟು ಕಳಿಸುತ್ತೇನೆ.

ಇಂತು,
ನಿನ್ನ ಮಾವ