ಪುಟ್ಟಿಗೆ, ನಿಮ್ಮ ಆರ್ಕೈವ್ ವಿಷ್ಯಕ್ಕೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಮೆಸೇಜ್ ಬಂದು ಮೂರು ದಿನ ಆಯ್ತು, ಫೋನಲ್ಲಿ ಟೈಪ್ ಮಾಡಕ್ಕೆ ನಂಗೆ ಟೈಮ್ ಹಿಡಿಯತ್ತೆ, ಅದಕ್ಕೇ ಲೇಟು. "ದೊಡ್ಡಮ್ಮ, ಇಷ್ಟೊಂದು ಪುಸ್ತಕ, ಇಷ್ಟೊಂದು ದಾಖಲೆ ಸ್ಕ್ಯಾನ್ ಮಾಡಿ ಹಾಕಿದೀವಿ, ಸ್ಕೂಲಿನವ್ರು ಯಾರೂ ತಿರುಗಿ ನೋಡಲ್ಲ, ಟೀಚರ್ಸ್‌ಗೆ ಇಂಟರೆಸ್ಟೇ ಇಲ್ವಾ" ಅಂತ ಕೇಳಿದೀಯ. ಸತ್ಯ ಹೇಳ್ತೀನಿ, ಮೊದಲು ಕೋಪ ಬಂತು. ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳಿಗೆ ಆ ಮಾತು ಚುಚ್ಚದೇ ಇರತ್ತಾ. ಆಮೇಲೆ ಇವಳು ಬೈಯಕ್ಕೆ ಕೇಳಿದ್ದಲ್ಲ, ಬೇಜಾರಾಗಿ ಕೇಳಿದ್ದು ಅನ್ನಿಸ್ತು.

ನಿನ್ನೆ ಮಧ್ಯಾಹ್ನ ಊಟ ಆದ್ಮೇಲೆ ನಿಮ್ಮ ಸೈಟ್ ತೆಗ್ದೆ. ಟೀಚರ್ ಥರಾನೇ ನೋಡೋಣ ಅಂತ ಗಡಿಯಾರ ಎದುರಿಗಿಟ್ಕೊಂಡು ಕೂತೆ. ಊರ ಹೆಸರು ಕನ್ನಡದಲ್ಲಿ ಹೊಡೆದೆ, ಏನೂ ಸಿಗಲಿಲ್ಲ ಅಂತು. ಇಂಗ್ಲಿಷಲ್ಲಿ ಹೊಡೆದೆ, ಅದಕ್ಕೂ ಇಲ್ಲ. ಸ್ಪೆಲ್ಲಿಂಗ್‌ಗೆ ಒಂದು ಎ ಜಾಸ್ತಿ ಹಾಕಿದ್ಮೇಲೆ ಒಂದು ಪುಸ್ತಕ ಬಂತು, ಆರುನೂರು ಚಿಲ್ಲರೆ ಪುಟ, ಡೌನ್‌ಲೋಡ್ ಕೊಟ್ರೆ ಆ ಚಕ್ರ ತಿರುಗ್ತಾನೇ ಕೂತ್ಕೊಳ್ತು, ನಾನು ಹೋಗಿ ಕಾಫಿ ಮಾಡ್ಕೊಂಡು ಬಂದೆ, ಇನ್ನೂ ತಿರುಗ್ತಿತ್ತು. ಕೊನೆಗೂ ತೆರೆದು ಬೇಕಾದ ಪುಟ ಹುಡುಕೋ ಹೊತ್ತಿಗೆ ನಲವತ್ತೈದು ನಿಮಿಷ. ಅಂದ್ರೆ ಒಂದು ಪೀರಿಯಡ್ ಮುಗಿದು ಬೆಲ್ ಹೊಡೆದಾಯ್ತು, ಮಕ್ಕಳು ನೀರು ಕುಡಿಯಕ್ಕೆ ಓಡಿದ್ರು.

ನೀವು ಮಾಡಿದ್ದು ಸಣ್ಣ ಕೆಲಸ ಅಂತ ಹೇಳ್ತಿಲ್ಲ. ಕಣಜ ತುಂಬಿದೀರ, ಒಳ್ಳೇದೇ. ಆದ್ರೆ ಕಣಜದಲ್ಲಿ ರಾಗಿ ಇದ್ದ ಮಾತ್ರಕ್ಕೆ ಮಕ್ಕಳ ತಟ್ಟೇಲಿ ಮುದ್ದೆ ಬೀಳಲ್ಲ, ಬೀಸ್ಬೇಕು, ಎಸರಿಡ್ಬೇಕು, ತೊಳಸ್ಬೇಕು. ಅದನ್ನ ಟೀಚರೇ ಮಾಡ್ಕೊಳ್ಲಿ ಅಂತ ಬಿಟ್ಟಿದೀರ.

ನಂದೇ ಒಂದು ಕತೆ ಹೇಳ್ತೀನಿ ಕೇಳು. 8ನೇ ಕ್ಲಾಸಲ್ಲಿ "ಆಧಾರಗಳು" ಅಂತ ಪಾಠ ಇದೆಯಲ್ಲ, ಸಾಹಿತ್ಯ ಆಧಾರ, ಪುರಾತತ್ವ ಆಧಾರ, ದೇಶೀಯ, ವಿದೇಶೀಯ ಅಂತ ಬೋರ್ಡ್ ತುಂಬಾ ಗೆರೆ ಎಳೆದು ಬರೀತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು "ಮಿಸ್, ಈಶ್ವರನ ಗುಡಿ ಹಿಂದೆ ನಮ್ಮವ್ವ ಬಟ್ಟೆ ಒಗೆಯೋ ಕಲ್ಲಲ್ಲೂ ಅಕ್ಸರ ಐತೆ, ಅದೂ ಆಧಾರಾನಾ?" ಅಂದ. ಕ್ಲಾಸೆಲ್ಲ ನಕ್ತು. ಸಾಯಂಕಾಲ ಹೋಗಿ ನೋಡಿದ್ರೆ ಹೌದು, ಹಳಗನ್ನಡ ಶಾಸನ, ಅರ್ಧ ಸವೆದು ಹೋಗಿದೆ. ಮಾರನೇ ದಿನ ಮಕ್ಕಳನ್ನ ಕರ್ಕೊಂಡು ಹೋಗಿ ಸೀಮೆಸುಣ್ಣದ ಪುಡಿ ಉಜ್ಜಿ ಓದಕ್ಕೆ ನೋಡ್ದೆ (ಹಂಗೆ ಉಜ್ಜಬಾರ್ದು ಅಂತ ಆಗ ನಂಗೆ ಗೊತ್ತಿರ್ಲಿಲ್ಲ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ), "ಸ್ವಸ್ತಿ ಶ್ರೀ" ಬಿಟ್ರೆ ಏನೂ ಕೂಡ್ಕೊಳ್ಲಿಲ್ಲ.

ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಇರತ್ತೆ ಅಂತ ಬಿ.ಎಡ್‌ನಲ್ಲಿ ಓದಿದ ನೆನಪು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಬಿ. ಎಲ್. ರೈಸ್ ಸಾಹೇಬ್ರು 1886ರಲ್ಲಿ ಕೊಡಗಿನ ಸಂಪುಟದಿಂದ ಶುರು ಮಾಡಿ ಜಿಲ್ಲೆ ಜಿಲ್ಲೆ ಶಾಸನ ಸೇರಿಸಿ 12 ಸಂಪುಟ ತಂದ್ರಲ್ಲ, ಹಾಸನದ್ದು ಐದನೇದು, 1902ರದ್ದು. ಅದನ್ನ ಹುಡುಕ್ಕೊಂಡು ಹಾಸನಕ್ಕೆ ಎರಡು ಶನಿವಾರ ಹೋದೆ, ಒಂದ್ಸಲ ಬೀಗ, ಇನ್ನೊಂದ್ಸಲ ಬೀರುವಿನ ಕೀ ಇಟ್ಕೊಂಡವರು ರಜ. ಮೂರನೇ ಸಲ ಸಿಕ್ತು, ಕೂತು ಕೈಯಲ್ಲೇ ಬರ್ಕೊಂಡೆ. ಯಾರೋ ಕೆರೆ ಏರಿ ಕಟ್ಟಿಸಿದವನಿಗೆ ಗದ್ದೆ ಬಿಟ್ಟುಕೊಟ್ಟಿದ್ದು, ಬಿತ್ತುವಟ್ಟ ಅಂತಾರಲ್ಲ ಅದು. ಆ ಕೆರೆಲೇ ನಮ್ಮ ಹುಡುಗ್ರು ಈಜ್ತಿದ್ದಿದ್ದು! ಆದ್ರೆ ಏನ್ಮಾಡ್ತೀಯ, ಆಧಾರಗಳು ಪಾಠ ಆಗಿದ್ದು ಜೂನಲ್ಲಿ, ನಂಗೆ ಶಾಸನ ಸಿಕ್ಕಿದ್ದು ಜನವರಿಲಿ. ಪೋರ್ಷನ್ ಮುಗಿಸೋ ಗಡಿಬಿಡಿ, ಹತ್ತು ನಿಮಿಷ ಹೇಳಿ ಮುಂದಕ್ಕೆ ಹೋದೆ. ಆ ಹುಡುಗ ಅವತ್ತು ಸ್ಕೂಲಿಗೇ ಬಂದಿರ್ಲಿಲ್ಲ.

ಈಗ ಅದೇ ಸಂಪುಟ ಸ್ಕ್ಯಾನ್ ಆಗಿ ನೆಟ್‌ನಲ್ಲಿ ಬಿಟ್ಟಿ ಸಿಗತ್ತೆ. ಹಾಸನ ಬಸ್ ಹತ್ತೋದು ತಪ್ತು ನಿಜ, ಆದ್ರೆ ಬೀರು ಇನ್ನೂ ತೆರೆದಿಲ್ಲ ಪುಟ್ಟಿ. ರೈಸ್ ಪುಸ್ತಕದಲ್ಲಿ ಒಂದೊಂದು ಶಾಸನಾನೂ ಕನ್ನಡ ಅಕ್ಷರದಲ್ಲಿ ಒಂದ್ಸಲ, ಇಂಗ್ಲಿಷ್ ಅಕ್ಷರದಲ್ಲಿ ಒಂದ್ಸಲ, ಇಂಗ್ಲಿಷ್ ಅನುವಾದದಲ್ಲಿ ಒಂದ್ಸಲ ಇದೆ, ಮೂರೂ ಬೇರೆ ಬೇರೆ ಕಡೆ. ಮಗುಗೆ ಅರ್ಥ ಆಗೋ ಇವತ್ತಿನ ಕನ್ನಡ ಒಂದು ಬಿಟ್ಟು ಎಲ್ಲ ಇದೆ. ಮೈಸೂರು ಯೂನಿವರ್ಸಿಟಿಯವ್ರು ಪರಿಷ್ಕರಿಸಿ ತಂದ ಸಂಪುಟದ ನಂಬರೇ ಬೇರೆ, ಹಳೇದರ ನಂಬರೇ ಬೇರೆ, ಹೊಸಬರಿಗೆ ತಲೆ ಕೆಡತ್ತೆ. ನೀನು ಮಾಡ್ಬೇಕಾಗಿರೋದು ಇಷ್ಟೇ, ಆರುನೂರು ಪುಟ ಹಿಂದೆ ಇರ್ಲಿ, ಮುಂದುಗಡೆ ಒಂದು ಕಲ್ಲಿಗೆ ಒಂದು ಪುಟ ಮಾಡು. ಫೋಟೋ, ಮೂಲ ಪಾಠ, ನಾಲ್ಕು ಸಾಲು ಹೊಸಗನ್ನಡದಲ್ಲಿ ಅರ್ಥ, ಯಾವ ಊರು ಯಾವ ಹೋಬಳಿ ಯಾವ ತಾಲ್ಲೂಕು, ಯಾವ ಕ್ಲಾಸಿನ ಯಾವ ಪಾಠಕ್ಕೆ ಹೊಂದತ್ತೆ. ಮೂಲ ಸಂಪುಟದ ಪುಟಕ್ಕೆ ಒಂದು ಲಿಂಕ್ ಕೊಟ್ಟಿರು, ಬೇಕಾದವರು ಹೋಗಿ ನೋಡ್ತಾರೆ.

ಹತ್ತು ಸಾವಿರ ಪುಟ ಹಾಕಿದೀವಿ ಅಂತ ಲೆಕ್ಕ ಕೊಡಬೇಡ. ಹತ್ತೇ ಹತ್ತು ಒಳ್ಳೆ ಪುಟ ಮಾಡು ಸಾಕು, ನಾನು ಹಿಂಗೆ ಹಟ ಹಿಡಿಯೋದಕ್ಕೂ ಕಾರಣ ಇದೆ. ಹಲ್ಮಿಡಿ ತಗೋ. ಕನ್ನಡದ ಮೊದಲ ಶಾಸನ ಯಾವುದು, ಹಲ್ಮಿಡಿ, ಕಾಲ, ಸುಮಾರು ಕ್ರಿ.ಶ. 450, ಒಂದು ಮಾರ್ಕು. ಅಲ್ಲಿಗೆ ಮುಗೀತು. ಬೇಲೂರು ತಾಲ್ಲೂಕಿನ ಮಕ್ಕಳೂ ಹಂಗೇ ಬಾಯಿಪಾಠ ಮಾಡೋದು, ಕಲ್ಲು ಅವರ ಪಕ್ಕದ ಊರಿನದೇ ಆದ್ರೂ. ನಾನು ಒಂದ್ಸಲ ಆ ಹದಿನಾರು ಸಾಲನ್ನ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ "ಇದ್ರಲ್ಲಿ ಹಲ್ಮಿಡಿ ಎಲ್ಲಿದೆ ಹುಡುಕಿ" ಅಂದೆ. ಹುಡುಕಿದ್ರು ಹುಡುಕಿದ್ರು, ಸಿಗಲಿಲ್ಲ. ಯಾಕಂದ್ರೆ ಅದ್ರಲ್ಲಿರೋದು "ಪಲ್ಮಡಿ". ಪಲ್ಮಡಿಯನ್ನೂ ಮೂಳಿವಳ್ಳಿಯನ್ನೂ ಕೊಟ್ಟಿದ್ದು ಆ ಶಾಸನದ ವಿಷ್ಯ. ಒಂದು ಹುಡುಗಿ "ಮಿಸ್ ಪಲ್ಮಡಿನೇ ಹಲ್ಮಿಡಿ ಅಲ್ವಾ" ಅಂದ್ಳು ನೋಡು, ಅಲ್ಲಿಂದ ಶುರುವಾಯ್ತು, ಪಾಲು ಹಾಲಾಗಿದ್ದು, ಪೂ ಹೂವಾಗಿದ್ದು, ಪುಲಿ ಹುಲಿ ಆಗಿದ್ದು, ಹಳ್ಳಿ ಪಳ್ಳಿ ಆಗಿತ್ತಾ ಮಿಸ್ ಅಂತ ಅವರೇ ಕೇಳಕ್ಕೆ ಶುರು ಮಾಡಿದ್ರು. ಕನ್ನಡ ಮೇಷ್ಟ್ರು ಪಕ್ಕದ ಕ್ಲಾಸಿಂದ ಇಣುಕಿ "ಏನ್ರೀ ಮೇಡಂ ನನ್ನ ಪೀರಿಯಡ್ ನೀವೇ ತಗೊಂಡ್ಬಿಟ್ರಾ" ಅಂದ್ರು. ಆ ಶಾಸನಾನ 1936ರಲ್ಲಿ ಗುರುತಿಸಿದ ಎಂ. ಎಚ್. ಕೃಷ್ಣ ಅವರ ಹೆಸರು ಆ ಬ್ಯಾಚಿನ ಮಕ್ಕಳಿಗೆ ಇವತ್ತೂ ನೆನಪಿರತ್ತೆ, ಬೆಟ್ಟು ಕಟ್ತೀನಿ.

ಇನ್ನು ಹುಡುಕೋ ವಿಷ್ಯ. ರಾಮನಗರದ ಮಗು "ರಾಮನಗರ" ಅಂತ ಹೊಡೆದ್ರೆ ನಿಮ್ಮ ಹಳೇ ರಿಪೋರ್ಟ್‌ಗಳಲ್ಲಿ ಏನೂ ಬರಲ್ಲ, ಅಲ್ಲಿ ಅದು ಕ್ಲೋಸ್‌ಪೇಟೆ. ಪಾಂಡವಪುರ ಫ್ರೆಂಚ್ ರಾಕ್ಸ್, ಕೆ.ಆರ್. ನಗರ ಯಡತೊರೆ, ನಮ್ಮ ಸಕಲೇಶಪುರದ ತಾಲ್ಲೂಕು ಮಂಜರಾಬಾದ್, ಚಿಕ್ಕಮಗಳೂರಿನ ಕಡೆ ಇರೋದೆಲ್ಲ ಕಡೂರು ಜಿಲ್ಲೆ. ಇದನ್ನ ಮಗು ಹೆಂಗೆ ಊಹಿಸತ್ತೆ? ಟೀಚರ್ ಆದ್ರೂ ಎಲ್ಲಿಂದ ತಿಳ್ಕೊಳ್ತಾಳೆ? ಹಳೇ ಹೆಸರು ಹೊಸ ಹೆಸರು ಎರಡೂ ಕನ್ನಡದಲ್ಲೂ ಇಂಗ್ಲಿಷಲ್ಲೂ ಸೇರಿಸಿ ಹಾಕಿ, ಇದು ಕಂಪ್ಯೂಟರ್ ಕೆಲಸಕ್ಕಿಂತ ಊರು ಗೊತ್ತಿರೋರ ಕೆಲಸ, ನಿಮ್ಮ ಆಫೀಸಿನವ್ರು ಒಪ್ಪಿದ್ರೆ ನನ್ನ ಥರ ರಿಟೈರ್ಡ್ ಮೇಷ್ಟ್ರುಗಳು ಜಿಲ್ಲೆಗೆ ಹತ್ತು ಜನ ಕೂತು ಮಾಡಿಕೊಡ್ತೀವಿ, ಟಿಎ ಡಿಎನೂ ಬೇಡ. ಮತ್ತೆ ಕನ್ನಡ ಪುಸ್ತಕಗಳ ಹೆಸರನ್ನ ಕನ್ನಡದಲ್ಲೇ ಹಾಕಿ ಮಾರಾಯ್ತಿ, ಕೆಲವು ಕಡೆ ಕನ್ನಡ ಪುಸ್ತಕದ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ ಮಧ್ಯೆ ಮಧ್ಯೆ ಕೊಂಬು ಚುಕ್ಕಿ ಹಾಕಿ ಬರೆದಿರ್ತಾರೆ, ಅದನ್ನ ಬರೆದವರಿಗೇ ಮತ್ತೆ ಹುಡುಕಕ್ಕೆ ಬರಲ್ಲ. ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡ್ ಮಾಡದೇ ಹಂಗೇ ಹಾಕಿದ್ರೂ ಅದೇ ಗತಿ, ಫೋನಲ್ಲಿ ಏನೇನೋ ಚಿತ್ರಲಿಪಿ ಕಾಣತ್ತೆ.

ಚೆನ್ನಾಗಿ ಮಾಡಿರೋರನ್ನ ನೋಡಿ ಕಲಿ. ವಚನ ಸಂಚಯ ನೋಡಿದೀಯಲ್ಲ, ಸುಮಾರು 20 ಸಾವಿರ ವಚನ ಇದೆ, ಒಂದು ಪದ ಹಾಕಿದ್ರೆ ಯಾವ್ಯಾವ ವಚನಕಾರರು ಆ ಪದ ಬಳಸಿದಾರೆ ಅಂತ ಬರತ್ತೆ. "ಕಾಯಕ" ಅಂತ ಹಾಕಿ ಮಕ್ಕಳಿಗೆ ಗುಂಪು ಮಾಡಿ ಕೊಟ್ರೆ ಒಂದು ವಾರದ ಪಾಠ. ಬೆಂಗಳೂರಲ್ಲಿ ಮಿಥಿಕ್ ಸೊಸೈಟಿಯವ್ರು ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದಾರೆ, ಕಣ್ಣಿಗೆ ಕಾಣದ ಅಕ್ಷರ ಸ್ಕ್ರೀನಲ್ಲಿ ಎದ್ದು ಕಾಣತ್ತೆ, ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ನೋಡು, ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಿನ ಮಕ್ಕಳಿಗೆ ಅದೊಂದು ಸಾಕು. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನವ್ರು ಡಾಕ್ಸ್‌ಟೀಚ್ ಅಂತ ಟೀಚರ್‌ಗಳಿಗೇ ಬೇರೆ ಸೈಟ್ ಮಾಡಿದಾರೆ, ಅಲ್ಲಿಯ ಲೈಬ್ರರಿ ಆಫ್ ಕಾಂಗ್ರೆಸ್‌ನವ್ರು ಯಾವ ದಾಖಲೆ ಕೊಟ್ರೂ ಮೂರೇ ಕೆಲಸ ಹೇಳ್ತಾರೆ, ನೋಡು, ಯೋಚ್ನೆ ಮಾಡು, ಪ್ರಶ್ನೆ ಕೇಳು. ನಮ್ಮಲ್ಲಿ ಮೊದಲು ಉತ್ತರ ಬರೆಸಿ ಆಮೇಲೆ ದಾಖಲೆ ತೋರಿಸ್ತೀವಿ, ನಾನೂ ಹಂಗೇ ಮಾಡ್ತಿದ್ದೆ ಬಹಳ ವರ್ಷ.

ಟೀಚರ್ ಜೀವನಾನೂ ಸ್ವಲ್ಪ ತಿಳ್ಕೋ. ಸ್ಯಾಟ್ಸ್‌ಗೆ (ಮಕ್ಕಳ ಮಾಹಿತಿ ತುಂಬೋ ಸರ್ಕಾರಿ ಸೈಟು) ಡೇಟಾ ಹಾಕೋದು, ಬಿಸಿಯೂಟದ ಲೆಕ್ಕ, ಎಲೆಕ್ಷನ್ ಡ್ಯೂಟಿ, ಪ್ರತಿಭಾ ಕಾರಂಜಿ, ಇದರ ಮಧ್ಯೆ ಪಾಠ. ಅವಳು ನಿಮ್ಮ ಸೈಟಿಗೆ ಬರಲ್ಲ, ನೀವೇ ಅವಳ ವಾಟ್ಸಾಪ್ ಗ್ರೂಪಿಗೆ ಹೋಗ್ಬೇಕು. ಪ್ರತಿ ತಾಲ್ಲೂಕಿಗೂ ಸಬ್ಜೆಕ್ಟ್ ಟೀಚರ್ಸ್ ಗ್ರೂಪ್ ಇದೆ, ಅಲ್ಲಿ ಓಡೋದು ಒಂದು ಚಿತ್ರ, ಒಂದು ಪುಟದ ಪಿಡಿಎಫ್. ಎ-ಫೋರ್ ಶೀಟಲ್ಲಿ ಕಪ್ಪು ಬಿಳುಪಲ್ಲಿ ಪ್ರಿಂಟ್ ಹಾಕಿದ್ರೆ ಅಕ್ಷರ ಕಾಣ್ಬೇಕು, ಸ್ಕೂಲಿನ ಪ್ರಿಂಟರಲ್ಲಿ ಕಲರ್ ಇಂಕು ಯಾವತ್ತೂ ಇರಲ್ಲ. ಎಫ್‌ಎ, ಅಂದ್ರೆ ರೂಪಣಾತ್ಮಕ ಮೌಲ್ಯಮಾಪನದ ಪ್ರಾಜೆಕ್ಟ್‌ಗೆ ಹೊಂದೋ ಥರ ಇದ್ರೆ ಇನ್ನೂ ಒಳ್ಳೇದು, ಈಗ ಮಕ್ಕಳು ಜೆರಾಕ್ಸ್ ಅಂಗಡಿಲಿ ರೆಡಿಮೇಡ್ ಪ್ರಾಜೆಕ್ಟ್ ತಗೊಂಡು ಬಣ್ಣದ ಪೇಪರ್ ಸುತ್ತಿ ಕೊಡ್ತಾರೆ, ನಾವೂ ಕಣ್ಣು ಮುಚ್ಚಿ ಮಾರ್ಕ್ಸ್ ಹಾಕ್ತೀವಿ. ಮುಖ್ಯವಾಗಿ ಟೈಮು. ಆಧಾರಗಳು ಪಾಠಕ್ಕೆ ಬೇಕಾದ್ದು ಮೇ ಒಳಗೆ ಕೈಗೆ ಬರ್ಬೇಕು, ಆಗಸ್ಟಲ್ಲಿ ಬಂದ್ರೆ ಉಪ್ಪಿನಕಾಯಿ ಹಾಕ್ಬೇಕು. ಪ್ರಿಂಟ್ ಹಾಕಿದ್ರೆ ಯಾರಾದ್ರೂ ಕೇಸ್ ಹಾಕ್ತಾರೇನೋ ಅಂತ ಹೆದರೋ ಎಚ್‌ಎಂಗಳೂ ಇದಾರೆ, ಕಾಪಿರೈಟ್ ಮುಗಿದಿದ್ರೆ "ಶಾಲೆಗೆ ಧಾರಾಳವಾಗಿ ಬಳಸಿ" ಅಂತ ಕೆಳಗೆ ಒಂದು ಸಾಲು ಕನ್ನಡದಲ್ಲಿ ಹಾಕ್ಬಿಡಿ.

ಒಂದು ವಿಷ್ಯ ಮಾತ್ರ ಜೋಪಾನ, ಇದನ್ನ ಎರಡು ಸಲ ಓದು. ಬ್ರಿಟಿಷರ ಕಾಲದ ಗೆಜೆಟಿಯರ್, ಜನಗಣತಿ ರಿಪೋರ್ಟ್‌ಗಳಲ್ಲಿ ಜಾತಿ ಜಾತಿ ಬಗ್ಗೆ ಏನೇನೋ ಬರೆದಿದಾರೆ. ಒಂದ್ಸಲ ನಾನು ನಮ್ಮ ತಾಲ್ಲೂಕಿನ ಬಗ್ಗೆ ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಹಂಚಿದ್ದೆ, ಪೂರ್ತಿ ಓದಿರ್ಲಿಲ್ಲ, ಮಳೆ ಬೆಳೆ ಲೆಕ್ಕ ಇದೆ ಅಂತ ಅಷ್ಟೇ ನೋಡಿದ್ದೆ. ಮೂರನೇ ಪುಟದ ಕೆಳಗೆ ಒಂದು ಸಮುದಾಯದ ಬಗ್ಗೆ ಎರಡು ಸಾಲಿತ್ತು, ಬಾಯಲ್ಲಿ ಹೇಳೋ ಮಾತಲ್ಲ. ಆ ಸಮುದಾಯದ ಹುಡುಗಿ ಎರಡನೇ ಬೆಂಚಲ್ಲಿ ಕೂತಿದ್ಳು. ಅವಳು ಶೀಟನ್ನ ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟಿದ್ದು ನಂಗೆ ಇವತ್ತೂ ಕಣ್ಣಿಗೆ ಕಟ್ಟಿದಂಗಿದೆ. ಆ ಪುಟಗಳನ್ನ ತೆಗೆದುಹಾಕಿ ಅಂತಿಲ್ಲ, ಅದೂ ಇತಿಹಾಸಾನೇ, ಯಾರು ಬರೆದ್ರು ಯಾಕೆ ಬರೆದ್ರು ಅಂತ ಹತ್ತನೇ ಕ್ಲಾಸಲ್ಲಿ ಕೂರಿಸಿ ಚರ್ಚೆ ಮಾಡ್ಬಹುದು, ಮಾಡ್ಬೇಕು. ಆದ್ರೆ ಟೀಚರ್‌ಗೆ ಮೊದಲೇ ಹೇಳಿ, ಈ ಪುಟದಲ್ಲಿ ಹಿಂಗಿಂಗಿದೆ, ನೀವು ಓದಿ ಆಮೇಲೆ ಕೊಡಿ ಅಂತ.

ಮಕ್ಕಳಿಂದಾನೂ ತಗೋಬಹುದು. ಪರಿಯವ್ರು, ಅದೇ ಪತ್ರಕರ್ತ ಸಾಯಿನಾಥ್ ಅವರು ಹಳ್ಳಿ ಜನರ ಬದುಕು ದಾಖಲಿಸಕ್ಕೆ 2014ರಲ್ಲಿ ಶುರು ಮಾಡಿದ ಸೈಟು, ಸ್ಟೂಡೆಂಟ್ಸ್ ಕೈಲಿ ತಮ್ಮೂರ ಕಡೆಯ ಜನರ ಬಗ್ಗೆ ಬರೆಸಿ ಹಾಕ್ತಾರೆ. ನಮ್ಮ ಹುಡುಗ್ರು ಒಂದೊಂದು ಕಲ್ಲಿನ ಈಗಿನ ಫೋಟೋ, ಅದನ್ನ ಊರಲ್ಲಿ ಏನಂತ ಕರೀತಾರೆ ಅನ್ನೋದು ಕಳಿಸಿದ್ರೆ ನಿಮ್ಮ ಪುಟಕ್ಕೇ ಜೀವ ಬರತ್ತೆ. ರೈಸ್ ಹೋದಾಗ ಹೊಲದಲ್ಲಿದ್ದ ಎಷ್ಟು ಕಲ್ಲು ಈಗ ಮೋರಿ ಚಪ್ಪಡಿ ಆಗಿದಾವೋ. ಮಕ್ಕಳ ಮುಖ ಇರೋ ಫೋಟೋ ಮಾತ್ರ ಹಾಕ್ಬೇಡಿ.

ನನ್ನ ಹಳೇ ಸ್ಕೂಲಿನ ಈಗಿನ ಸಮಾಜ ವಿಜ್ಞಾನದ ಮೇಷ್ಟ್ರ ಹತ್ರ ಮಾತಾಡಿದೀನಿ. ಜೂನ್ ಎರಡನೇ ವಾರ ಗುರುವಾರ, ಮೂರನೇ ಪೀರಿಯಡ್, 8ನೇ ಕ್ಲಾಸು, ಇಪ್ಪತ್ತೆಂಟು ಮಕ್ಕಳು. ಲ್ಯಾಪ್‌ಟಾಪ್ ತರಬೇಡ. ಆ ಬಟ್ಟೆ ಒಗೆಯೋ ಕಲ್ಲಿನ ಒಂದು ಪುಟ ಮಾಡಿ ಮೂವತ್ತು ಪ್ರಿಂಟ್ ತಗೊಂಡು ಬಾ, ಮೇಷ್ಟ್ರ ಕೈಗೆ ಕೊಟ್ಟು ನೀನು ಹಿಂದಿನ ಬೆಂಚಲ್ಲಿ ಬಾಯಿ ಮುಚ್ಕೊಂಡು ಕೂತ್ಕೋ, ಎಲ್ಲಿ ಮಕ್ಕಳು ತಡವರಿಸ್ತಾರೆ, ಎಲ್ಲಿ ಮೇಷ್ಟ್ರೇ ತಡವರಿಸ್ತಾರೆ ಬರ್ಕೋ. ಕಲ್ಲನ್ನ ಈಗ ಗುಡಿ ಗೋಡೆಗೆ ಒರಗಿಸಿ ನಿಲ್ಸಿದಾರೆ, ಬೆಳಗ್ಗೆ ಏಳೂವರೆ ಹೊತ್ತಿಗೆ ಓರೆ ಬಿಸಿಲು ಬೀಳತ್ತೆ, ಆಗ ಫೋಟೋ ತೆಗೆದ್ರೆ ಅಕ್ಷರ ಚೆನ್ನಾಗಿ ಬರತ್ತೆ. ಬುಧವಾರ ಸಾಯಂಕಾಲದ ಬಸ್ಸಿಗೇ ಬಂದ್ಬಿಡು, ನಿಮ್ಮಮ್ಮನಿಗೂ ಹೇಳಿದೀನಿ.

ನಿನ್ನ ದೊಡ್ಡಮ್ಮ